ಬೊಕ್ಕಸದ ಲೆಕ್ಕ, ಚರಿತ್ರೆಯ ಲೆಕ್ಕ: ಹೈಟಿಯ ಇನ್ನೂರು ವರ್ಷಗಳು



ಕೆರಿಬಿಯನ್ ಸಮುದ್ರದ ಹೈಟಿ ದೇಶವು ತನ್ನ ಸ್ವಾತಂತ್ರ್ಯದ ಶತಮಾನೋತ್ಸವವನ್ನು ಆಚರಿಸಿದ 1904ನೆಯ ಇಸವಿಯಲ್ಲಿಯೆ, ಅದರ ರಾಜಧಾನಿಯಾದ ಪೋರ್ಟ್ ಓ ಪ್ರಿನ್ಸ್ ನಗರದಲ್ಲಿ ಅಸಾಧಾರಣವಾದ ಮೊಕದ್ದಮೆಯೊಂದು ನಡೆಯಿತು. ಆಪಾದಿತರಲ್ಲಿ ಮಾಜಿ ಮಂತ್ರಿಗಳಿದ್ದರು, ರಾಷ್ಟ್ರೀಯ ಬ್ಯಾಂಕಿನ ಯೂರೋಪೀಯ ನಿರ್ದೇಶಕರಿದ್ದರು, ಅಷ್ಟರಲ್ಲಿ ದೇಶವನ್ನೆ ಬಿಟ್ಟು ಹೋಗಿದ್ದ ಮಾಜಿ ಅಧ್ಯಕ್ಷ ತಿರೇಸಿಯಾಸ್ ಸಿಮೋಂ ಸಾಮ್ ಇದ್ದನು. ಸರಕಾರವು ಹಿಂದಿನಿಂದಲೂ ಅಲ್ಲಲ್ಲಿ ಬರೆದುಕೊಟ್ಟಿದ್ದ ಬಿಡಿ ಸಾಲಪತ್ರಗಳನ್ನೆಲ್ಲ ಒಟ್ಟುಗೂಡಿಸಿ, ಅವುಗಳಿಗೆ ಬದಲಾಗಿ ಹೊಸ ಬಾಂಡುಗಳನ್ನು ಕೊಡುವ ಕಾರ್ಯದಲ್ಲಿ, ನ್ಯಾಯವಾಗಿ ಸಲ್ಲಬೇಕಾದುದಕ್ಕಿಂತ ಅಧಿಕವಾದ ಬಾಂಡುಗಳನ್ನು ಸೃಷ್ಟಿಸಿ ಅವನ್ನು ತಮ್ಮತಮ್ಮೊಳಗೆ ಹಂಚಿಕೊಂಡರೆಂಬುದು ಅವರ ಮೇಲಣ ಆರೋಪವಾಗಿದ್ದಿತು. ಎಂಬತ್ತು ವರ್ಷಗಳನ್ನು ದಾಟಿದ್ದ ಅಧ್ಯಕ್ಷ ನೋರ್ ಅಲೆಕ್ಸಿ ಈ ವಿಚಾರಣೆಯನ್ನು ಪಟ್ಟು ಹಿಡಿದು ನಡೆಸಿದನು. ಆಪಾದಿತರಲ್ಲಿ ಬಹುಮಂದಿಗೆ ಶಿಕ್ಷೆಯೂ ಆಯಿತು. ಆದರೆ ಹೀಗೆ ಶಿಕ್ಷೆಗೊಳಗಾದವರ ಪೈಕಿ ಸಿನ್ಸಿನಾಟಸ್ ಲೆಕೋಂತ್, ತಾಂಕ್ರೇದ್ ಓಗುಸ್ತ್, ವಿಲ್ಬ್ರೂಂ ಗೀಯೋಮ್ ಸಾಮ್ ಎಂಬ ಮೂವರು, ಮುಂದಿನ ಹನ್ನೊಂದು ವರ್ಷಗಳೊಳಗೆ, ಒಬ್ಬರಾದ ಮೇಲೊಬ್ಬರು, ಅದೇ ದೇಶದ ಅಧ್ಯಕ್ಷಪೀಠವನ್ನು ಏರಿದರು.

ಈ ವೃತ್ತಾಂತವನ್ನು ಕೇಳಿದವರ ಮನಸ್ಸಿನಲ್ಲಿ, ಆ ಜನಾಂಗದ ರಾಜಕೀಯವೆ ಅಂಥದು, ಅಲ್ಲಿ ಮತ್ತೇನನ್ನು ನಿರೀಕ್ಷಿಸಲಾದೀತು ಎಂಬ ತೀರ್ಮಾನ ತಾನಾಗಿ ಮೂಡುವುದುಂಟು. ಪ್ರಬಲ ರಾಷ್ಟ್ರಗಳ ರಾಯಭಾರಿಗಳೂ ಪತ್ರಕರ್ತರೂ ಸೇನಾನಿಗಳೂ ಒಂದು ಶತಮಾನಕ್ಕೂ ಮೇಲ್ಪಟ್ಟು ಆಡುತ್ತ ಬಂದಿರುವ ಮಾತು ಇದೇ. ಇದಕ್ಕೆ ಎದುರಾಗಿ, ಹೈಟಿಯ ಸಕಲ ದುಃಖಗಳಿಗೂ ಹೊರಗಿನವರೆ ಕಾರಣರು, ಅಲ್ಲಿಯ ಆಳುವವರು ಕೇವಲ ಪರಿಸ್ಥಿತಿಯ ಬಲಿಪಶುಗಳು ಎಂದು ವಾದಿಸುವ ಮತ್ತೊಂದು ಪಂಥವಿದೆ. ಈ ಎರಡು ವಾದಗಳೂ ಪರಸ್ಪರ ವಿರುದ್ಧವೆಂದು ಕಂಡರೂ ಅಂತರಂಗದಲ್ಲಿ ಒಂದಕ್ಕೊಂದು ನೆರವಾಗುತ್ತ ಬಂದಿವೆಯೆಂಬುದು, ಹೊರಗಿನವರ ಸುಲಿಗೆಯ ಕಥೆ ಒಳಗಿನ ಕಳ್ಳರಿಗೆ ಮರೆಯಾಗಿಯೂ, ಒಳಗಿನವರ ಕಳ್ಳತನದ ಕಥೆ ಹೊರಗಿನ ಸುಲಿಗೆಗಾರರಿಗೆ ನೆಪವಾಗಿಯೂ ಒದಗಿಬಂದಿವೆಯೆಂಬುದು, ನಾನು ಈ ದಿನ ತಮ್ಮ ಮುಂದೆ ನಿವೇದಿಸಲೆಳಸುವ ವಿಚಾರ. ಆ ದೇಶದಲ್ಲಿ ಬೊಕ್ಕಸವನ್ನು ಕೈವಶ ಮಾಡಿಕೊಂಡವರು ಚರಿತ್ರೆಯನ್ನೂ ಕೈವಶ ಮಾಡಿಕೊಳ್ಳಲು ಹವಣಿಸಿದರು. ಆದುದರಿಂದ ಅಲ್ಲಿ ಹಣದ ಲೆಕ್ಕ ಕೇಳುವವನು ಚರಿತ್ರೆಯ ಲೆಕ್ಕವನ್ನೂ ಕೇಳಬೇಕಾಗುತ್ತದೆ.

ಹೈಟಿಯ ಹುಟ್ಟಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುವೆನು. ಫ್ರಾನ್ಸಿನ ವಸಾಹತುಗಳಲ್ಲೆಲ್ಲ ಅತ್ಯಂತ ಲಾಭದಾಯಕವೆನಿಸಿದ್ದ, ಮುಂದೆ ಹೈಟಿಯೆನಿಸಿದ, ಸಾಂ ದೊಮಿಂಗ್‌ನಲ್ಲಿ, 1789ರ ಸುಮಾರಿಗೆ, ಐದು ಲಕ್ಷಕ್ಕೆ ಸಮೀಪವಾದ ಆಫ್ರಿಕನ್ ಗುಲಾಮರು ಕಬ್ಬು ಮತ್ತು ಕಾಫಿಯ ತೋಟಗಳಲ್ಲಿ ದುಡಿಯುತ್ತಿದ್ದರು. ದುಡಿದು ಸಾಯುತ್ತಿದ್ದರು ಎನ್ನುವುದೆ ಸರಿಯಾದ ಮಾತು, ಏಕೆಂದರೆ ಸತ್ತವರ ಸ್ಥಾನವನ್ನು ತುಂಬಲು ಹಡಗುಗಳು ಪ್ರತಿವರ್ಷವೂ ಹೊಸಬರನ್ನು ಹೊತ್ತು ತರಬೇಕಾಗಿದ್ದಿತು. 1791ರ ಆಗಸ್ಟ್ ತಿಂಗಳಲ್ಲಿ ಉತ್ತರದ ಬಯಲಿನಲ್ಲಿ ಅವರು ದಂಗೆಯೆದ್ದರು. ತೂಸಾಂ ಲೂವರ್ತ್ಯೂರ್ ಎಂಬ ಅಪೂರ್ವ ನಾಯಕ ಅವರಿಗೆ ದೊರೆತನು. ನೆಪೋಲಿಯನ್ನನು ಕಳುಹಿಸಿದ ಸೈನ್ಯವು ಅವನನ್ನು ವಂಚನೆಯಿಂದ ಸೆರೆಹಿಡಿದು ಫ್ರಾನ್ಸಿನ ಕೋಟೆಯೊಂದಕ್ಕೆ ಸಾಗಿಸಿತು. 1803ರ ಏಪ್ರಿಲ್‌ನಲ್ಲಿ ಅವನು ಅಲ್ಲಿಯೆ ಮೃತನಾದನು. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ವೆರ್ತಿಯೇರ್‌ನ ಕದನದಲ್ಲಿ ಫ್ರೆಂಚರು ಸೋತರು. 1804ರ ಜನವರಿ 1ರಂದು, ತೂಸಾಂನ ಸೇನಾಪತಿಗಳಲ್ಲೊಬ್ಬನಾಗಿದ್ದ ದೆಸಾಲೀನನು ಸ್ವಾತಂತ್ರ್ಯವನ್ನು ಘೋಷಿಸಿದನು. ಗುಲಾಮರು ತಾವಾಗಿ ಹೋರಾಡಿ ಗೆದ್ದು ಒಂದು ರಾಷ್ಟ್ರವನ್ನೆ ಸ್ಥಾಪಿಸಿದ ಮತ್ತೊಂದು ದೃಷ್ಟಾಂತ ಲೋಕದ ಚರಿತ್ರೆಯಲ್ಲಿಲ್ಲ. ಆ ದಂಗೆಗೆ ಮುನ್ನ ಬ್ವಾ ಕೈಮಾನ್ ಎಂಬ ಕಾಡಿನಲ್ಲಿ ಬೂಕ್ಮನ್ ಎಂಬ ನಾಯಕನ ನೇತೃತ್ವದಲ್ಲಿ ನಡೆಯಿತೆನ್ನುವ ವೂಡೂ ಪೂಜೆಯ ವಿಷಯವಾಗಿ ವಿದ್ವಾಂಸರಲ್ಲಿ ಇಂದಿಗೂ ಜಿಜ್ಞಾಸೆಯಿದೆ. ಅದನ್ನು ಮೊದಲು ಅಚ್ಚಿನಲ್ಲಿ ವರ್ಣಿಸಿದವನು, 1814ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ದಾಲ್ಮಾ ಎಂಬ ಫ್ರೆಂಚ್ ವಸಾಹತುಗಾರನು. ತನ್ನ ಜನ್ಮಮುಹೂರ್ತದ ಕಥೆಯನ್ನೆ ಶತ್ರುಪಕ್ಷದವನೊಬ್ಬನ ಬರಹದಿಂದ ಪಡೆಯಬೇಕಾಗಿ ಬಂದುದು ಆ ಜನದ ದುರ್ದೈವಗಳಲ್ಲೊಂದು.

ಸ್ವತಂತ್ರ ಹೈಟಿಯ ಮೊಟ್ಟಮೊದಲನೆಯ ಭ್ರಷ್ಟಾಚಾರದ ಪ್ರಶ್ನೆ ಭೂಮಿಯದು. ಫ್ರೆಂಚ್ ತೋಟಗಾರರು ಓಡಿಹೋದ ಮೇಲೆ ಅವರ ವಿಶಾಲವಾದ ಎಸ್ಟೇಟುಗಳು ಯಾರಿಗೆ ಸೇರಬೇಕು? ಬಿಳಿಯ ತಂದೆಗೂ ಕರಿಯ ತಾಯಿಗೂ ಹುಟ್ಟಿ, ಕ್ರಾಂತಿಗೆ ಮೊದಲೆ ಸ್ವತಂತ್ರರಾಗಿದ್ದ ಮಿಶ್ರವರ್ಣದವರಲ್ಲಿ ಅನೇಕರು, ತಂದೆಯ ಆಸ್ತಿ ತಮ್ಮದೆಂದು ದಾನಪತ್ರಗಳನ್ನೂ ಕ್ರಯಪತ್ರಗಳನ್ನೂ ಮುಂದಿಟ್ಟರು. ಅವುಗಳಲ್ಲಿ ನಿಜವಾದವೂ ಇದ್ದವು, ಸೃಷ್ಟಿಸಿದವೂ ಇದ್ದವು. ದೆಸಾಲೀನನು ಹಕ್ಕುಪತ್ರಗಳನ್ನೆಲ್ಲ ಪರಿಶೀಲಿಸುವಂತೆ ಆಜ್ಞೆ ಮಾಡಿದನು. ತಂದೆಯರು ಆಫ್ರಿಕದಲ್ಲಿಯೆ ಉಳಿದುಹೋದ ಕರಿಯರಿಗೆ ಏನೂ ಸಿಕ್ಕದೆ ಹೋಗಬೇಕೆ ಎಂದು ಅವನು ಕೇಳಿದನೆಂಬ ಮಾತು ಪ್ರಸಿದ್ಧವಾಗಿದೆ. ದಕ್ಷಿಣದ ಪ್ರಾಂತದಲ್ಲಿ ಈ ಪರಿಶೀಲನೆಯ ವಿಷಯವಾಗಿ ಅಸಮಾಧಾನ ಹಬ್ಬಿತು. ಅದೇ ಬಂಡಾಯಕ್ಕೆ ತಿರುಗಿ, 1806ರ ಅಕ್ಟೋಬರ್ 17ರಂದು ರಾಜಧಾನಿಯ ಸಮೀಪದಲ್ಲಿ ದೆಸಾಲೀನನ ಕೊಲೆಯಾಯಿತು. ಅವನು ನಿರಂಕುಶನಾಗಿದ್ದನೆಂಬುದರಲ್ಲಿ, ಉಳಿದ ಫ್ರೆಂಚರನ್ನು ಕೊಲ್ಲಿಸಿದನೆಂಬುದರಲ್ಲಿ, ದುಡಿಯುವವರನ್ನು ತೋಟಗಳಿಗೆ ಕಟ್ಟಿಹಾಕಿದನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನನ್ನು ಕೊಂದುದು ಅವನ ನಿರಂಕುಶತೆಗಾಗಿಯೊ, ಅವನು ಹಕ್ಕುಪತ್ರಗಳನ್ನು ಕೇಳಿದುದಕ್ಕಾಗಿಯೊ? ಹೈಟಿಯ ಚರಿತ್ರಕಾರರು ಬೇರೆಬೇರೆ ದಾರಿ ಹಿಡಿದುದು ಈ ಪ್ರಶ್ನೆಯಲ್ಲಿ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ತೋಮಾ ಮಾದ್ಯು ಮತ್ತು ಬೋಬ್ರೂಂ ಆರ್ದುಯೆಂ ಎಂಬ ಇಬ್ಬರು ಮಹನೀಯರು ತಮ್ಮ ದೇಶದ ಬೃಹತ್ ಚರಿತ್ರೆಗಳನ್ನು ರಚಿಸಿದರು. ಮಾದ್ಯುವು ಕ್ರಾಂತಿಯಲ್ಲಿ ಕಾದಾಡಿ ಬದುಕುಳಿದಿದ್ದ ವೃದ್ಧರನ್ನು ಕಂಡು, ಅವರ ಬಾಯಿಂದಲೆ ಸಂಗತಿಗಳನ್ನು ಕೇಳಿ ಬರೆದುಕೊಂಡನು. ಆರ್ದುಯೆಂ ರಾಜ್ಯಾಡಳಿತದಲ್ಲಿ ಪಾಲುಗೊಂಡಿದ್ದವನು. ಮಿಶ್ರವರ್ಣದ ನಾಯಕರ, ಮುಖ್ಯವಾಗಿ ಪೆತಿಯೋಂ ಮತ್ತು ಬ್ವಾಯೇ ಇವರ, ಆಳ್ವಿಕೆಯನ್ನು ಸಮರ್ಥಿಸುವುದು ಅವನ ಗ್ರಂಥದ ಉದ್ದಕ್ಕೂ ಕಾಣುವ ಧೋರಣೆ. ಅವನ ಕೈಯಲ್ಲಿ ದೆಸಾಲೀನನು ಕ್ರೂರಿಯಾಗಿ ನಿಲ್ಲುತ್ತಾನೆ; ಮಾದ್ಯುವಿನ ಕೈಯಲ್ಲಿ ಸ್ವಾತಂತ್ರ್ಯದ ಜನಕನಾಗಿ ಗೌರವ ಪಡೆಯುತ್ತಾನೆ. ಹೀಗೆ ಕರಿಯರದೊಂದು, ಮಿಶ್ರವರ್ಣದವರದೊಂದು ಎಂದು ಎರಡು ಪುರಾಣಗಳು ಬೆಳೆದು, ಪ್ರತಿಯೊಂದು ಪಕ್ಷವೂ ತನ್ನ ಪುರಾಣವನ್ನು ಅಧಿಕಾರದ ಹಕ್ಕುಪತ್ರವನ್ನಾಗಿ ಪ್ರದರ್ಶಿಸುವ ಪರಿಪಾಟಿ ಆರಂಭವಾಯಿತು.

ಈಗ 1825ಕ್ಕೆ ಬರೋಣ; ಇಲ್ಲಿ ಸ್ವಲ್ಪ ನಿಂತು ನೋಡುವುದು ಅವಶ್ಯಕ. ಸ್ವಾತಂತ್ರ್ಯ ಬಂದು ಎರಡು ದಶಕಗಳು ಕಳೆದಿದ್ದರೂ ಯಾವ ದೊಡ್ಡ ರಾಷ್ಟ್ರವೂ ಹೈಟಿಯನ್ನು ಮಾನ್ಯ ಮಾಡಿರಲಿಲ್ಲ. ಆ ವರ್ಷದ ಏಪ್ರಿಲ್ 17ರಂದು ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸನು ಒಂದು ಶಾಸನವನ್ನು ಹೊರಡಿಸಿದನು: ತೋಟಗಳನ್ನೂ ಗುಲಾಮರನ್ನೂ ಕಳೆದುಕೊಂಡ ಫ್ರೆಂಚ್ ಮಾಲೀಕರಿಗೆ ಪರಿಹಾರವಾಗಿ ಹೈಟಿಯು ಐದು ಸಮಾನ ಕಂತುಗಳಲ್ಲಿ 15 ಕೋಟಿ ಫ್ರಾಂಕುಗಳನ್ನು ಸಲ್ಲಿಸಿದರೆ, ಫ್ರೆಂಚ್ ಸರಕುಗಳ ಮೇಲಣ ಸುಂಕವನ್ನು ಅರ್ಧಕ್ಕೆ ಇಳಿಸಿದರೆ, ಅದಕ್ಕೆ ಸ್ವಾತಂತ್ರ್ಯವನ್ನು ದಯಪಾಲಿಸಲಾಗುವುದು. ಈ ಶಾಸನವನ್ನು ಹೊತ್ತು ತಂದ ಬ್ಯಾರನ್ ಮಾಕೋ ಎಂಬವನ ಬೆನ್ನಿಗೆ 14 ಯುದ್ಧನೌಕೆಗಳು, ಐನೂರಕ್ಕೂ ಹೆಚ್ಚು ಫಿರಂಗಿಗಳು ನಿಂತಿದ್ದವು. ಗೆದ್ದವರು ಸೋತವರಿಗೆ ದಂಡ ತೆರುವುದು, ಮನುಷ್ಯರನ್ನು ಕೊಂಡು ಮಾರಿದವರಿಗೆ ಆ ಮನುಷ್ಯರೆ ತಮ್ಮ ದೇಹದ ಬೆಲೆಯನ್ನು ಮತ್ತೊಮ್ಮೆ ಕೊಡುವುದು, ಇಂಥ ಅನ್ಯಾಯವನ್ನು ಕಾನೂನಿನ ಭಾಷೆಯಲ್ಲಿ ಬರೆದುದನ್ನು ಇನ್ನೂರು ವರ್ಷಗಳ ತರುವಾಯ ಓದುವಾಗಲೂ ಮನಸ್ಸು ಕುದಿಯುತ್ತದೆ. ಮೊದಲನೆಯ ಕಂತೆ ಮೂರು ಕೋಟಿ ಫ್ರಾಂಕು. ಆರ್ದುಯೆಂ ಕೊಟ್ಟಿರುವ ಆದಾಯದ ಲೆಕ್ಕವನ್ನು ಇಟ್ಟು ನೋಡಿದರೆ ಅದು ಆ ಸರಕಾರದ ಒಂದು ವರ್ಷದ ಉತ್ಪನ್ನದ ಆರು ಪಟ್ಟಿಗೂ ಮಿಗಿಲು. ಅದನ್ನು ತೆರಲು ಪ್ಯಾರಿಸಿನ ಸಾಹುಕಾರರಿಂದಲೆ ಮೂರು ಕೋಟಿ ಸಾಲ ಪಡೆಯಬೇಕಾಯಿತು. ಸಾಹುಕಾರರು ತಮ್ಮ ದಸ್ತೂರಿಯನ್ನು ಮೊದಲೆ ಮುರಿದುಕೊಂಡು ಕೊಟ್ಟುದು 2 ಕೋಟಿ 40 ಲಕ್ಷ. ದಂಡದ ಮೇಲೆ ಸಾಲ, ಸಾಲದ ಮೇಲೆ ಬಡ್ಡಿ: ಚರಿತ್ರಕಾರರು ಇದನ್ನು ಜೋಡಿ ಋಣವೆಂದು ಕರೆದಿದ್ದಾರೆ. 1838ರಲ್ಲಿ ದಂಡದ ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಅದರಿಂದ ಕವಲೊಡೆದ ಸಾಲಗಳ ಸರಪಣಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಎಳೆದುಕೊಂಡು ಬಂದಿತು.

ಇಲ್ಲಿಯವರೆಗಿನದು ಹೊರಗಿನವರ ಅಪರಾಧ. ಆದರೆ ಈ ದಂಡವನ್ನು ತೆತ್ತವರು ಯಾರು ಎಂದು ಕೇಳಿದೊಡನೆ ಒಳಗಿನವರ ಅಪರಾಧ ಗೋಚರವಾಗುತ್ತದೆ. ಒಪ್ಪಂದಕ್ಕೆ ಮಣಿದ ಅಧ್ಯಕ್ಷ ಬ್ವಾಯೇ, 1826ರಲ್ಲಿ ಗ್ರಾಮೀಣ ಸಂಹಿತೆ ಎಂಬ ಕಾನೂನನ್ನು ತಂದು, ರೈತನು ಅಪ್ಪಣೆಯಿಲ್ಲದೆ ತೋಟವನ್ನು ಬಿಟ್ಟು ಹೋಗದಂತೆ ಕಟ್ಟುಮಾಡಿದನು. ಬೊಕ್ಕಸದ ಮುಖ್ಯ ಆಧಾರ ಕಾಫಿಯ ರಫ್ತಿನ ಮೇಲಣ ಸುಂಕ. ಬೆಟ್ಟದ ಇಳುಕಲಿನಲ್ಲಿ ತುಂಡು ನೆಲವನ್ನು ಸಾಗು ಮಾಡಿ, ಕಾಫಿಯ ಹಣ್ಣನ್ನು ಬಿಡಿಸಿ ಒಣಗಿಸಿ ಹೊತ್ತು ತಂದ ಬೇಸಾಯಗಾರನಿಗೆ ಬಂದರಿನ ವರ್ತಕನು ಕೊಡುವ ಬೆಲೆಯಲ್ಲಿಯೆ ಆ ಸುಂಕ ಕಳೆದುಹೋಗಿರುತ್ತಿದ್ದಿತು. ಅವನಿಗೆ ಶಾಲೆಯಿಲ್ಲ, ರಸ್ತೆಯಿಲ್ಲ, ನ್ಯಾಯಾಲಯದ ಭಾಷೆಯಾದ ಫ್ರೆಂಚು ಅವನಿಗೆ ಬಾರದು. ಪಟ್ಟಣದ ಮಂದಿ ಅವನನ್ನು ‘ಮೂನ್ ಆಂದೆಯೋ’, ಎಂದರೆ ಹೊರಗಿನವನು, ಎಂದೇ ಕರೆಯುತ್ತ ಬಂದರು. ಯಾರು ತೆರುವವರೊ ಅವರಿಗೆ ಲೆಕ್ಕ ಕೇಳುವ ಅಧಿಕಾರವಿಲ್ಲದ, ಯಾರ ಕೈಯಲ್ಲಿ ಲೆಕ್ಕವಿದೆಯೊ ಅವರು ಏನನ್ನೂ ತೆರದ ಒಂದು ರಾಜ್ಯವ್ಯವಸ್ಥೆ ಹೀಗೆ ನೆಲೆಗೊಂಡಿತು. ಫ್ರೆಂಚರ ದಂಡವು ಆ ವ್ಯವಸ್ಥೆಯನ್ನು ಬಲಪಡಿಸಿತು ನಿಜ. ಆದರೆ ಅದನ್ನು ಕಟ್ಟಿ, ಅದರಿಂದ ಉಂಡವರು ಪೋರ್ಟ್ ಓ ಪ್ರಿನ್ಸಿನ ವರ್ತಕರೂ ಸೇನಾಧಿಪತಿಗಳೂ ಆಗಿದ್ದರು.

1880ರಲ್ಲಿ ಸ್ಥಾಪಿತವಾದ ಹೈಟಿಯ ರಾಷ್ಟ್ರೀಯ ಬ್ಯಾಂಕು ಹೆಸರಿಗಷ್ಟೆ ರಾಷ್ಟ್ರೀಯವಾಗಿದ್ದಿತು. ಅದರ ಒಡೆಯರು ಪ್ಯಾರಿಸಿನಲ್ಲಿದ್ದರು. ಸರಕಾರವು ತನ್ನ ಹಣವನ್ನು ಅಲ್ಲಿ ಇಡುವಾಗಲೂ ದಸ್ತೂರಿ, ತೆಗೆಯುವಾಗಲೂ ದಸ್ತೂರಿ. ಆರಂಭದಲ್ಲಿ ಹೇಳಿದ 1904ರ ಮೊಕದ್ದಮೆಯ ನಿಜವಾದ ಅರ್ಥ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಒಂದೇ ಕಟಕಟೆಯಲ್ಲಿ ಯೂರೋಪಿನ ಬ್ಯಾಂಕರನೂ ಹೈಟಿಯ ಮಂತ್ರಿಯೂ ನಿಂತಿದ್ದರು. ಒಬ್ಬನ ಸಹಿಯಿಲ್ಲದೆ ಮತ್ತೊಬ್ಬನ ಕಳ್ಳತನ ಸಾಗುವಂತಿರಲಿಲ್ಲ. ಹೈಟಿಯ ಚರಿತ್ರೆಯ ಎರಡು ಲೆಕ್ಕಗಳನ್ನೂ ಒಟ್ಟಿಗೆ ತೆರೆದಿಟ್ಟ ಅಪೂರ್ವ ಗಳಿಗೆ ಅದು. ಅದನ್ನು ಆ ದೇಶದ ಹೊರಗೆ ಸ್ಮರಿಸುವವರು ವಿರಳವೆಂಬುದು ನನಗೆ ಬಹಳ ವ್ಯಸನಕರವಾಗಿ ತೋರುತ್ತದೆ.

ಮುಂದಿನದನ್ನು ಬೇಗನೆ ಹೇಳಬಹುದು. 1914ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾಸೈನಿಕರು ಆ ಬ್ಯಾಂಕಿನಿಂದ 5 ಲಕ್ಷ ಡಾಲರುಗಳಷ್ಟು ಚಿನ್ನವನ್ನು ಹಗಲಿನಲ್ಲಿಯೆ ಹೊತ್ತು ನ್ಯೂಯಾರ್ಕಿಗೆ ಸಾಗಿಸಿದರು. ಮರುವರ್ಷ ಜುಲೈ ತಿಂಗಳಲ್ಲಿ, ಬಂಡಾಯದ ನಡುವೆ, ಅಧ್ಯಕ್ಷ ಗೀಯೋಮ್ ಸಾಮ್, ಅದೇ 1904ರ ಶಿಕ್ಷಿತನು, ಜನರ ಗುಂಪಿನಿಂದ ಹತನಾದನು. ಅಂದೇ ಅಮೆರಿಕದ ಸೈನ್ಯ ದಡ ಹತ್ತಿತು. 19 ವರ್ಷಗಳ ಕಾಲ ಅಲ್ಲಿಯೆ ಉಳಿಯಿತು. ಹೈಟಿಯವರು ಭ್ರಷ್ಟರು, ಸ್ವಯಂ ಆಳಲಾರದವರು ಎಂಬುದೆ ಅದಕ್ಕೆ ಕೊಟ್ಟ ಸಮಾಧಾನ. ಆದರೆ ಅತಿಕ್ರಮಿಸಿದವರು ರಸ್ತೆ ಹಾಕಿಸಲು ರೈತರನ್ನು ಬಿಟ್ಟಿ ದುಡಿಮೆಗೆ ಎಳೆದರು. ದೆಸಾಲೀನನ ಕಾಲದಿಂದ ಬಂದಿದ್ದ, ವಿದೇಶೀಯರು ಭೂಮಿಯನ್ನು ಕೊಳ್ಳಕೂಡದೆಂಬ ನಿಬಂಧನೆಯನ್ನು 1918ರ ಹೊಸ ಸಂವಿಧಾನದ ಮೂಲಕ ತೊಡೆದುಹಾಕಿದರು. ಪ್ರತಿಭಟಿಸಿದ ಶಾರ್ಲಮಾಇನ್ ಪೆರಾಲ್ತ್‌ನನ್ನು 1919ರಲ್ಲಿ ಕೊಂದು, ಶವವನ್ನು ಕದಕ್ಕೆ ಕಟ್ಟಿ ನಿಲ್ಲಿಸಿ, ಛಾಯಾಚಿತ್ರ ತೆಗೆದು ಊರೂರಿಗೂ ಹಂಚಿದರು. ಹೆದರಿಸಲೆಂದು ಹಂಚಿದ ಆ ಚಿತ್ರವನ್ನು ಜನರು ಶಿಲುಬೆಗೇರಿದ ಕ್ರಿಸ್ತನ ಚಿತ್ರವೆಂಬಂತೆ ಕಂಡರು.

ಈ ಅವಮಾನದ ಗಾಯದಿಂದ ಒಂದು ಉಜ್ಜ್ವಲವಾದ ವಿಚಾರಧಾರೆಯೂ ಹುಟ್ಟಿತು. ಝಾನ್ ಪ್ರೈಸ್ ಮಾರ್ಸ್ ಎಂಬ ವಿದ್ವಾಂಸನು 1928ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಫ್ರಾನ್ಸಿನ ಅನುಕರಣೆಯನ್ನು ಬಿಟ್ಟು ತಮ್ಮ ರೈತರ ಕಥೆ, ನಂಬಿಕೆ, ಭಾಷೆಗಳಲ್ಲಿ ತಮ್ಮನ್ನು ಕಂಡುಕೊಳ್ಳಿರೆಂದು ವಿದ್ಯಾವಂತರಿಗೆ ಕರೆಕೊಟ್ಟನು. ಆ ವಿಚಾರದ ನೆರಳಿನಲ್ಲಿ ಬೆಳೆದವರ ಪೈಕಿ ಫ್ರಾಂಸ್ವಾ ದುವಾಲಿಯೆ ಎಂಬ ಸೌಮ್ಯಮುಖದ ವೈದ್ಯನೂ ಒಬ್ಬನು. ಅವನು ಹೈಟಿಯ ಚರಿತ್ರೆಯನ್ನು ವರ್ಗಗಳ ದೃಷ್ಟಿಯಿಂದ ವಿಮರ್ಶಿಸುವ ಪುಸ್ತಕವೊಂದನ್ನು ಲೋರಿಮೇ ದೆನಿಯೊಡನೆ ಸೇರಿ ಬರೆದಿದ್ದನು. ಮಿಶ್ರವರ್ಣದ ಅಲ್ಪಸಂಖ್ಯಾತರು ಬಹುಸಂಖ್ಯಾತ ಕರಿಯರ ಪಾಲನ್ನು ಕಬಳಿಸಿದರೆಂಬುದು ಅದರ ತಿರುಳು, ಅದರಲ್ಲಿ ಸತ್ಯಾಂಶ ಬೇಕಾದಷ್ಟಿದ್ದಿತು. 1957ರಲ್ಲಿ ಅಧ್ಯಕ್ಷನಾಗಿ, 1964ರಲ್ಲಿ ತನ್ನನ್ನು ಆಜೀವ ಅಧ್ಯಕ್ಷನೆಂದು ಸಾರಿಕೊಂಡ ಈ ಮನುಷ್ಯನು, ತಾನು ಓದಿದ ಚರಿತ್ರೆಯನ್ನೆಲ್ಲ ತನ್ನ ಸಿಂಹಾಸನದ ಮೆಟ್ಟಿಲುಗಳನ್ನಾಗಿ ಮಾಡಿಕೊಂಡನು. ಅವನ ಆಡಳಿತವು ಹೊರಡಿಸಿದ ಪ್ರಶ್ನೋತ್ತರ ರೂಪದ ಕೈಪಿಡಿಯಲ್ಲಿ, ತೂಸಾಂ, ದೆಸಾಲೀನ್, ಕ್ರಿಸ್ತೋಫ್, ಪೆತಿಯೋಂ ಮೊದಲಾದ ರಾಷ್ಟ್ರಪುರುಷರೆಲ್ಲರೂ ಒಬ್ಬ ದುವಾಲಿಯೆಯಲ್ಲಿ ಏಕವಾಗಿದ್ದಾರೆಂದು ಬೋಧಿಸಲಾಯಿತು. ಅರಮನೆಯ ಎದುರಿಗೆ, ಶಂಖವನ್ನೂದುತ್ತಿರುವ, ಬೇಡಿ ಹರಿದ ಅನಾಮಿಕ ಗುಲಾಮನ ಸುಂದರವಾದ ಕಂಚಿನ ಪ್ರತಿಮೆಯೊಂದನ್ನು ಶಿಲ್ಪಿ ಆಲ್ಬೆರ್ ಮಾಂಗೊನೆಸ್ ನಿರ್ಮಿಸಿದುದು ಈ ಕಾಲದಲ್ಲಿಯೆ. ಅದೇ ಕಾಲದಲ್ಲಿ ದಿಮಾಂಶ್ ಕೋಟೆಯ ಸೆರೆಮನೆಯಲ್ಲಿ ಸಾವಿರಾರು ಜೀವಂತ ಮನುಷ್ಯರು ಬೇಡಿಗಳಲ್ಲಿ ಕೊಳೆಯುತ್ತಿದ್ದರು.

ಹಣದ ವಿಷಯದಲ್ಲಿ ಅವನ ಕ್ರಮ ಸರಳವಾಗಿದ್ದಿತು. ತಂಬಾಕಿನ ಸರಕಾರೀ ಏಕಸ್ವಾಮ್ಯವು ಕ್ರಮೇಣ ಇತರ ಅನೇಕ ಸರಕುಗಳ ಮೇಲಣ ತೆರಿಗೆಗಳನ್ನೂ ತನ್ನೊಳಗೆ ಸೆಳೆದುಕೊಂಡು, ಆಯವ್ಯಯ ಪತ್ರದ ಹೊರಗೆ ನಿಂತು, ಅಧ್ಯಕ್ಷನ ಖಾಸಗಿ ತಿಜೋರಿಯಾಯಿತು. ಅವನ ಹೆಸರಿನಲ್ಲಿ ಹೊಸ ಪಟ್ಟಣವೊಂದನ್ನು ಕಟ್ಟುವ ನೆಪದಿಂದ ವರ್ತಕರಿಂದಲೂ ನೌಕರರಿಂದಲೂ ಬಲವಂತದ ವಂತಿಗೆ ಎತ್ತಲಾಯಿತು. 1971ರಲ್ಲಿ ಅವನು ಸತ್ತಾಗ ಹತ್ತೊಂಬತ್ತು ವರ್ಷದ ಮಗ ಝಾನ್ ಕ್ಲೋದ್ ಪೀಠವನ್ನೇರಿದನು. 1986ರ ಫೆಬ್ರವರಿ 7ರಂದು ಜನರ ದಂಗೆಗೆ ಅಂಜಿ ಫ್ರಾನ್ಸಿಗೆ ಓಡಿಹೋದನು. ಅವನ ಕುಟುಂಬದ ಹಣವನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕುಗಳಿಂದ ಹಿಂದಕ್ಕೆ ಪಡೆಯುವ ವ್ಯಾಜ್ಯ ದಶಕಗಳವರೆಗೆ ನಡೆಯಿತು. ಕೊನೆಗೆ ಆ ದೇಶ ಅದಕ್ಕಾಗಿಯೆ ಹೊಸ ಕಾನೂನನ್ನು ಮಾಡಬೇಕಾಯಿತು. 2011ರಲ್ಲಿ ಹೈಟಿಗೆ ಮರಳಿದ ಝಾನ್ ಕ್ಲೋದನು, ವಿಚಾರಣೆ ಮುಗಿಯುವ ಮುನ್ನವೆ, 2014ರಲ್ಲಿ ತೀರಿಕೊಂಡನು.

ಇನ್ನು 2003ರ ಏಪ್ರಿಲ್ 7. ತೂಸಾಂ ಮೃತನಾಗಿ ಇನ್ನೂರು ವರ್ಷ ತುಂಬಿದ ಆ ದಿನ, ಅಧ್ಯಕ್ಷ ಝಾನ್ ಬೆರ್ತ್ರಾನ್ ಆರಿಸ್ತೀದ್, ಫ್ರಾನ್ಸು ವಸೂಲು ಮಾಡಿದುದನ್ನು ಹಿಂದಿರುಗಿಸಬೇಕೆಂದು ಕೇಳಿದನು. ಅವನು ಮುಂದಿಟ್ಟ ಮೊತ್ತ 21,685,135,571 ಡಾಲರು 48 ಸೆಂಟು. ಪೈಸೆಯವರೆಗೂ ಲೆಕ್ಕ ಹಾಕಿದ ಈ ಸಂಖ್ಯೆಯನ್ನು ನೋಡಿ ಪ್ಯಾರಿಸಿನಲ್ಲಿ ನಕ್ಕವರುಂಟು. ಫ್ರಾನ್ಸಿನ ಸರಕಾರ ನೇಮಿಸಿದ ಸಮಿತಿ ಆ ಬೇಡಿಕೆಯನ್ನು ತಳ್ಳಿಹಾಕಿತು. 2004ರ ಫೆಬ್ರವರಿ 29ರಂದು, ಸಶಸ್ತ್ರ ಬಂಡಾಯದ ನಡುವೆ, ಆರಿಸ್ತೀದನು ಅಮೆರಿಕದ ವಿಮಾನದಲ್ಲಿ ದೇಶವನ್ನು ಬಿಟ್ಟನು. ತಾನಾಗಿ ರಾಜೀನಾಮೆ ಕೊಟ್ಟನೆಂದು ಅಮೆರಿಕ ಹೇಳಿತು, ತನ್ನನ್ನು ಅಪಹರಿಸಲಾಯಿತೆಂದು ಅವನು ಹೇಳಿದನು. ನಂತರ ಬಂದ ಮಧ್ಯಂತರ ಸರಕಾರವು ಬೇಡಿಕೆಯನ್ನು ಹಿಂತೆಗೆದುಕೊಂಡಿತು. ಆರಿಸ್ತೀದನ ಆಡಳಿತ ಶುದ್ಧವಾಗಿರಲಿಲ್ಲ. ಆ ಕಾಲದಲ್ಲಿ ಸರಕಾರೀ ದೂರವಾಣಿ ಸಂಸ್ಥೆಯಲ್ಲಿದ್ದ ಅಧಿಕಾರಿಗಳು ಲಂಚದ ಪ್ರಕರಣಗಳಲ್ಲಿ ಮುಂದೆ ಅಮೆರಿಕದ ನ್ಯಾಯಾಲಯಗಳಿಂದ ಶಿಕ್ಷೆ ಪಡೆದರು. ಆದರೆ ಬೇಡುವವನ ಕೈ ಮಲಿನವಾಗಿತ್ತೆಂಬುದರಿಂದ ಬೇಡಿಕೆ ಸುಳ್ಳಾಗುವುದೆ? 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ದಫ್ತರಗಳನ್ನು ಶೋಧಿಸಿ ಲೆಕ್ಕ ಹಾಕಿದಾಗ, ಹೈಟಿ ತೆತ್ತ ಹಣ ಇಂದಿನ ಬೆಲೆಯಲ್ಲಿ ಸುಮಾರು 56 ಕೋಟಿ ಡಾಲರು ಎಂದೂ, ಅದು ದೇಶದಲ್ಲಿಯೆ ಉಳಿದಿದ್ದರೆ ಆಗಬಹುದಾಗಿದ್ದ ಅಭಿವೃದ್ಧಿಯ ನಷ್ಟ 2,100 ಕೋಟಿಯಿಂದ 11,500 ಕೋಟಿ ಡಾಲರುಗಳವರೆಗೆಂದೂ ಅಂದಾಜಾಯಿತು. ನಗೆಗೀಡಾದ ಸಂಖ್ಯೆ ಆ ಅಂದಾಜಿನ ಕೆಳಮಿತಿಗೆ ಹತ್ತಿರವಾಗಿತ್ತು.

ಇತ್ತೀಚಿನ ಅಧ್ಯಾಯವು ಪೆಟ್ರೋಕರೀಬೆ ನಿಧಿಯದು. ವೆನೆಜುವೆಲಾ ದೇಶವು 2005ರಲ್ಲಿ ಆರಂಭಿಸಿದ ಯೋಜನೆಯ ಮೇರೆಗೆ, ಹೈಟಿಯು ಎಣ್ಣೆಯನ್ನು ಪಡೆದು, ಬೆಲೆಯ ಒಂದು ಭಾಗವನ್ನು ಮಾತ್ರ ಕೂಡಲೆ ಕೊಟ್ಟು, ಉಳಿದುದನ್ನು ಶೇಕಡ 1ರ ಬಡ್ಡಿಯಲ್ಲಿ 25 ವರ್ಷಗಳಲ್ಲಿ ತೀರಿಸಬಹುದಾಗಿದ್ದಿತು. ಎಣ್ಣೆ ಮಾರಿ ಕೈಯಲ್ಲುಳಿದ ಹಣ ರಸ್ತೆ, ಆಸ್ಪತ್ರೆ, ಮನೆಗಳಿಗೆಂದು ಸಂಕಲ್ಪವಾಗಿದ್ದಿತು. ಈ ಹಣ 200 ಕೋಟಿ ಡಾಲರುಗಳನ್ನು ಮೀರಿತು. 2010ರ ಜನವರಿಯ ಭೂಕಂಪದಿಂದ ನೆಲಸಮವಾಗಿದ್ದ ರಾಜಧಾನಿಗೆ ಇದು ದೊಡ್ಡ ಆಸರೆಯಾಗಬಹುದಾಗಿದ್ದಿತು. 2018ರ ಆಗಸ್ಟಿನಲ್ಲಿ, ಚಲನಚಿತ್ರಕಾರನೊಬ್ಬನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಪೆಟ್ರೋಕರೀಬೆಯ ಹಣವೆಲ್ಲಿ ಎಂದು ಕ್ರಿಯೋಲ್ ಭಾಷೆಯಲ್ಲಿ ಬರೆದ ರಟ್ಟಿನ ಹಲಗೆಯನ್ನು ಹಿಡಿದು ನಿಂತ ಚಿತ್ರ ಹರಡಿತು. ಕೆಲವೇ ವಾರಗಳಲ್ಲಿ ಆ ಪ್ರಶ್ನೆಯನ್ನು ಸಹಸ್ರಾರು ಯುವಕ ಯುವತಿಯರು ಬೀದಿಗಳಲ್ಲಿ ಕೇಳತೊಡಗಿದರು. 1826ರಿಂದಲೂ ತೆತ್ತವನಿಗೆ ಲೆಕ್ಕ ಕೇಳುವ ಹಕ್ಕಿಲ್ಲದಿದ್ದ ದೇಶದಲ್ಲಿ, ರೈತರ ಭಾಷೆಯಲ್ಲಿಯೆ ಹಾಗೆ ಬಹಿರಂಗವಾಗಿ ಲೆಕ್ಕ ಕೇಳಿದುದು ಚಾರಿತ್ರಿಕವಾದ ಘಟನೆಯೆಂದೇ ನಾನು ತಿಳಿಯುತ್ತೇನೆ.

ಆ ಪ್ರಶ್ನೆಗೆ ಉತ್ತರಿಸಿದುದು ಹೈಟಿಯ ಲೆಕ್ಕಪರಿಶೋಧನೆಯ ಉಚ್ಚ ನ್ಯಾಯಾಲಯ. 2019 ಮತ್ತು 2020ರಲ್ಲಿ ಅದು ಮೂರು ಭಾಗಗಳಲ್ಲಿ ಹೊರಡಿಸಿದ ವರದಿಗಳು, ಒಂದೊಂದು ಗುತ್ತಿಗೆಯನ್ನೂ, ಒಂದೊಂದು ರಸೀದಿಯನ್ನೂ ಬಿಡಿಸಿ ನೋಡಿದವು. ಒಂದೇ ರಸ್ತೆಯ ಕೆಲಸವನ್ನು ಎರಡು ಕಂಪೆನಿಗಳಿಗೆ ಕೊಟ್ಟಿದ್ದುದೂ, ಆ ಎರಡು ಕಂಪೆನಿಗಳಿಗೂ ಒಂದೇ ತೆರಿಗೆ ಸಂಖ್ಯೆ, ಒಂದೇ ಸಿಬ್ಬಂದಿ ಇದ್ದುದೂ, ಅವುಗಳಲ್ಲೊಂದಕ್ಕೆ ಅಂದಿನ ಅಧ್ಯಕ್ಷ ಜೋವೆನೆಲ್ ಮೋಯಿಸ್ ಅವರು ಆ ಪದವಿಗೆ ಬರುವ ಮೊದಲು ಮುಖ್ಯಸ್ಥರಾಗಿದ್ದುದೂ ಅವುಗಳಲ್ಲಿ ದಾಖಲಾಯಿತು. ಮೋಯಿಸ್ ಅವರು ತಮ್ಮ ಮೇಲಣ ಆರೋಪವನ್ನು ನಿರಾಕರಿಸಿದರು. 2021ರ ಜುಲೈ 7ರಂದು ಅವರು ತಮ್ಮ ಮನೆಯಲ್ಲಿಯೆ ಹತರಾದರು.

2025ರ ಏಪ್ರಿಲ್ 17ರಂದು, ಚಾರ್ಲ್ಸನ ಶಾಸನಕ್ಕೆ ಇನ್ನೂರು ವರ್ಷ ತುಂಬಿದ ದಿನ, ಫ್ರಾನ್ಸಿನ ಅಧ್ಯಕ್ಷ ಮಕ್ರೋನ್ ಅವರು ಉಭಯ ದೇಶಗಳ ಚರಿತ್ರಕಾರರ ಆಯೋಗವೊಂದನ್ನು ಪ್ರಕಟಿಸಿದರು. ಋಣವನ್ನು ಒಪ್ಪಿದರೂ ಹಣವನ್ನು ಯಾರ ಕೈಗೆ ಕೊಡುವುದು, ಅಲ್ಲಿಯ ಕಳ್ಳರ ಕೈಗೆಯೆ ಎಂಬ ಆಕ್ಷೇಪ ಅದರ ಮುಂದೆ ಬಂದೇ ಬರುತ್ತದೆ. ಅದಕ್ಕೆ ನನ್ನ ಉತ್ತರವಿದು: ಸಾಲಗಾರನು ತಾನು ತೀರಿಸಬೇಕಾದುದನ್ನು ಧನಿಯ ಮನೆಯ ಕಲಹವನ್ನು ತೋರಿಸಿ ಉಳಿಸಿಕೊಳ್ಳುವಂತಿಲ್ಲ, ಅಲ್ಲದೆ ಆ ಮನೆಯ ಕಳ್ಳರನ್ನು ಹೆಸರಿಸಿದವರು ಆ ಮನೆಯವರೆ. 1904ರಲ್ಲಿ ತಮ್ಮ ಮಾಜಿ ಅಧ್ಯಕ್ಷನಿಗೇ ಶಿಕ್ಷೆ ವಿಧಿಸಿದವರು ಹೈಟಿಯ ನ್ಯಾಯಾಧೀಶರು. ಗುಂಡಿನ ಸದ್ದಿನ ನಡುವೆ ಮೂರು ವರದಿಗಳನ್ನು ಬರೆದವರು ಹೈಟಿಯ ಲೆಕ್ಕಪರಿಶೋಧಕರು. ಆಯೋಗದ ಚರಿತ್ರಕಾರರು ಪ್ಯಾರಿಸಿನ ದಫ್ತರಗಳಲ್ಲಿ 1825ರ ಕಂತುಗಳನ್ನು ಹುಡುಕುವಾಗ, ಪೋರ್ಟ್ ಓ ಪ್ರಿನ್ಸಿನ ಈ ಲೆಕ್ಕಪರಿಶೋಧಕರನ್ನೂ ತಮ್ಮ ಜೊತೆಗೆ ಕೂಡಿಸಿಕೊಳ್ಳಬೇಕು. ಹಿಂದಿರುಗುವ ಹಣದ ಪ್ರತಿಯೊಂದು ಗುತ್ತಿಗೆಯೂ ಅವರ ಕಣ್ಣಿನ ಕೆಳಗೆ ಹಾದು, ಕ್ರಿಯೋಲ್ ಭಾಷೆಯಲ್ಲಿ ಪ್ರಕಟವಾಗಿ, ಕಾಫಿ ಬೆಳೆಯುವ ಬೆಟ್ಟದ ಹಳ್ಳಿಗಳನ್ನು ತಲಪುವಂತೆ ಏರ್ಪಾಡಾಗಬೇಕು.